ಕುಂಚವನ್ನು ಕೊಳ್ಳುವವರಿಗೆ ನಾಲ್ಕು ಮಾತು

“ಕುಣಿಯಲಾರದವಳು ನೆಲ ಡೊಂಕೆಂದಳಂತೆ” ಎಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕೈಲಾಗದವರು ಉಪಕರಣದ ಮೇಲೆ ತಪ್ಪು ಹೊರಿಸುವರೆಂಬುದು ಅದರ ತಾತ್ಪರ್ಯ. ಗಾದೆ ಸುಳ್ಳಲ್ಲ. ಆದರೆ ನೆಲವು ನಿಜವಾಗಿಯೇ ಡೊಂಕಾಗಿರುವ ಸಂದರ್ಭಗಳೂ ಉಂಟು; ಆಗ ಕುಣಿಯಬಲ್ಲವಳೂ ಎಡವಿಬಿದ್ದು, ತನಗೆ ಕುಣಿತವೇ ಬಾರದೆಂದು ನಂಬಿ ಗೆಜ್ಜೆಯನ್ನು ಬಿಚ್ಚಿಡುವಳು. ಚಿತ್ರ ಬರೆಯಲು ತೊಡಗಿದ ಮಕ್ಕಳ ವಿಷಯದಲ್ಲಿ ಈ ಅನ್ಯಾಯವು ನಮ್ಮ ಮನೆಗಳಲ್ಲಿ ಎಷ್ಟೋ ಸಲ ನಡೆದುಹೋಗುತ್ತದೆ. ಆದುದರಿಂದ ಕುಂಚವೆಂಬ ಅಲ್ಪ ವಸ್ತುವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಬಸವನಗುಡಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆಯುಂಟು. ಆ ಮನೆಯ ಹನ್ನೊಂದು ವರ್ಷದ ಬಾಲಿಕೆಯು ನವರಾತ್ರಿಗೆ ಕೆಲವು ದಿನ ಮೊದಲು, ಬಣ್ಣ ಮಾಸಿದ್ದ ಪಟ್ಟದ ಬೊಂಬೆಗಳಿಗೆ ಹೊಸದಾಗಿ ಕಣ್ಣುಹುಬ್ಬು ತೀಡಲು ಕುಳಿತಳು. ಬಣ್ಣದ ಪೆಟ್ಟಿಗೆಯೊಡನೆ ಬಂದಿದ್ದ ಕುಂಚವನ್ನು ಕಪ್ಪಿನಲ್ಲಿ ಅದ್ದಿ ರಾಣಿಯ ಹುಬ್ಬಿಗೆ ಹಚ್ಚಿದಳು. ಒಂದು ಗೆರೆ ಬರಬೇಕಾದ ಕಡೆಯಲ್ಲಿ ಮೂರು ಗೆರೆಗಳು ಬಂದುವು. ಒರೆಸಿ ಮತ್ತೆ ಬರೆದಳು. ಕೂದಲೊಂದು ಕಿತ್ತುಬಂದು ರಾಣಿಯ ಕೆನ್ನೆಗೆ ಅಂಟಿತು. ನಾಲ್ಕನೆಯ ಸಲ ಆಕೆಯ ಕಣ್ಣಿನಲ್ಲಿ ನೀರಾಡಿತು. “ಅಜ್ಜಿ, ನನ್ನ ಕೈಗೆ ಇದು ಹತ್ತುವುದಿಲ್ಲ, ನೀನು ಬೇರೆ ಯಾರ ಕೈಯಲ್ಲಾದರೂ ಬರೆಸು” ಎಂದಳು. ಅಜ್ಜಿಯು ಕನ್ನಡಕವನ್ನು ಏರಿಸಿಕೊಂಡು ಕುಂಚವನ್ನು ಬೆಳಕಿಗೆ ಹಿಡಿದು ನೋಡಿ, “ದೋಷ ನಿನ್ನ ಕೈಯದಲ್ಲ, ಮಗು. ಇದರ ತುದಿ ನೋಡು, ಅಂಗಳ ಗುಡಿಸಿ ಸವೆದ ಪೊರಕೆಯ ಹಾಗಿದೆ. ಇದರಲ್ಲಿ ಯಾರು ಬರೆದರೂ ಇಷ್ಟೇ” ಎಂದರು. ಮರುದಿನ ಗಾಂಧಿಬಜಾರಿನಿಂದ ಮೊನೆಯುಳ್ಳ ಒಂದು ಕುಂಚ ಬಂದಿತು. ಮೊದಲನೆಯ ಹುಬ್ಬು ಸೊಟ್ಟಗಾಯಿತು; ಎರಡನೆಯದು ಸುಮಾರಾಯಿತು; ಮೂರನೆಯದನ್ನು ಅಜ್ಜಿಯು ನೆರೆಮನೆಯವರನ್ನು ಕರೆದು ತೋರಿಸಿದರು. ಆ ಒಂದು ಮಾತನ್ನು ಅಜ್ಜಿಯು ಆ ದಿನ ಆಡದೆ ಹೋಗಿದ್ದರೆ ಆ ಮಗುವು ಕುಂಚವನ್ನು ಮತ್ತೆ ಹಿಡಿಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಕುಂಚದ ವಿಚಾರದಲ್ಲಿ ನಮ್ಮ ಹಿರಿಯರು ಉದಾಸೀನರಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮದ ಪ್ರಕರಣವೊಂದಿದೆ. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕೂಡಿಸಿ ಕುಂಚವನ್ನು ಸಿದ್ಧಪಡಿಸುವ ಕ್ರಮವನ್ನು ದೊರೆಯು ಅಲ್ಲಿ ಹೇಳಿರುವನು. ಕೇರಳದ ಶ್ರೀಕುಮಾರನು 16ನೆಯ ಶತಮಾನದಲ್ಲಿ ಬರೆದ ‘ಶಿಲ್ಪರತ್ನ’ವು ದಪ್ಪ ಕೆಲಸಕ್ಕೆ ಕರುವಿನ ಕಿವಿಯ ಕೂದಲು, ನಡುತರದ ಕೆಲಸಕ್ಕೆ ಆಡಿನ ಹೊಟ್ಟೆಯ ಕೂದಲು, ಸೂಕ್ಷ್ಮ ಕೆಲಸಕ್ಕೆ ಅಳಿಲಿನ ಬಾಲದ ಕೂದಲು ಅಥವಾ ಹುಲ್ಲಿನ ಮೊನೆ ಎಂದು ವಿಭಾಗಿಸುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಸಂಪ್ರದಾಯದ ಚಿತ್ರಕಾರರೂ ಇದೇ ಹಾದಿಯವರು. ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲು ರೇಖೆಯನ್ನೆಳೆದು, ಆಕಾಶ ಬೆಟ್ಟ ನದಿಗಳನ್ನು ದಪ್ಪ ಕುಂಚದಿಂದ ತುಂಬಿ, ಬಳಿಕ ಪ್ರಾಣಿಗಳನ್ನೂ ದೇವತಾಮೂರ್ತಿಗಳನ್ನೂ ಬರೆದು, ಮುಖ ವಸ್ತ್ರ ಆಭರಣಗಳ ನಯಗೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಅತಿ ಸಣ್ಣ ಗೆರೆಗೆ ಒಂದು ಬಗೆಯ ಹುಲ್ಲಿನ ಚೂಪಾದ ಎಸಳನ್ನೇ ಅವರು ಕುಂಚವಾಗಿ ಬಳಸುತ್ತಿದ್ದುದುಂಟು.

ಆ ಮೈಸೂರಿನ ಚಿತ್ರಕಾರ ಮನೆತನವೊಂದರಲ್ಲಿಯೇ 1886ರಲ್ಲಿ ಹುಟ್ಟಿದವರು ಕೆ. ವೆಂಕಟಪ್ಪನವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿ ಹಿಂದಿರುಗಿದ ಅವರು ಊಟಿ, ಕೊಡೈಕನಾಲುಗಳ ಮಂಜನ್ನೂ ಬಿಸಿಲನ್ನೂ ನೀರುಬಣ್ಣದಲ್ಲಿ ಹಿಡಿದಿಟ್ಟ ಬಗೆಯು ಅಸಾಧಾರಣವಾದುದು. 1965ರಲ್ಲಿ ತೀರಿಕೊಂಡ ಅವರ ಹೆಸರಿನ ಚಿತ್ರಶಾಲೆಯು ಬೆಂಗಳೂರಿನ ಕಸ್ತೂರಿಬಾ ರಸ್ತೆಯಲ್ಲಿದೆ. ನಮ್ಮ ನಗರದಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ‘ಕಲಾಮಂದಿರ’ವನ್ನು ಸ್ಥಾಪಿಸಿ ಸಾಮಾನ್ಯ ಕುಟುಂಬಗಳ ಮಕ್ಕಳಿಗೂ ಚಿತ್ರವಿದ್ಯೆಯ ಬಾಗಿಲನ್ನು ತೆರೆದರು. ಎಂ. ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಳ ಒಳ್ಳೆಯ ಸಂಗ್ರಹವನ್ನು ನೋಡಬಹುದು. ಇಂಥ ಪರಂಪರೆಯ ನೆರಳಿನಲ್ಲಿರುವ ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿಗಳ ಮನೆಗಳಲ್ಲಿ ಮಕ್ಕಳೂ ಗೃಹಿಣಿಯರೂ ವಿಶ್ರಾಂತಿ ಪಡೆದ ಹಿರಿಯರೂ ಕುಂಚ ಹಿಡಿಯುವುದು ಸಹಜವೇ ಆಗಿದೆ. ಅವರೆಲ್ಲರೂ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, “ಎಷ್ಟು ಬೆಲೆ?” ಎಂಬುದು. ಅದು ಮೂರನೆಯ ಪ್ರಶ್ನೆಯಾಗತಕ್ಕದ್ದೆಂದು ನಮ್ಮ ಅಭಿಪ್ರಾಯ.

ಮೊದಲನೆಯ ಪ್ರಶ್ನೆ ಯಾವುದೆಂದರೆ, ಕುಂಚವು ಏನು ಕೆಲಸ ಮಾಡಬೇಕೆಂಬುದು. ಕುಂಚದಲ್ಲಿ ಮೂರು ಅಂಗಗಳುಂಟು: ಕೂದಲಿನ ಕುಚ್ಚು, ಅದನ್ನು ಬಿಗಿಹಿಡಿದ ಲೋಹದ ಕೊಳವೆ, ಮರದ ಹಿಡಿ. ಕುಚ್ಚಿನಲ್ಲಿ ಮತ್ತೆ ಎರಡು ಭಾಗ: ನಡುವೆ ಉಬ್ಬಿದ ಹೊಟ್ಟೆ, ಕೊನೆಯಲ್ಲಿ ಮೊನೆ. ಹೊಟ್ಟೆಯು ನೀರಿನ ತೊಟ್ಟಿ. ಮೊನೆಯು ಅದರ ತೂಬು. ಕೂದಲು ಕೂದಲುಗಳ ನಡುವಣ ಸಂದಿನಲ್ಲಿ ನೀರು ನಿಂತು, ಮೊನೆಯು ಕಾಗದವನ್ನು ಮುಟ್ಟಿದಾಗ ಮೆಲ್ಲಮೆಲ್ಲನೆ ಇಳಿದುಬರುವುದು. ತೊಟ್ಟಿ ಚಿಕ್ಕದಾದರೆ ಗೆರೆಯು ನಡುದಾರಿಯಲ್ಲಿ ಒಣಗುವುದು. ತೂಬು ಕೆಟ್ಟಿದ್ದರೆ ಬಣ್ಣವು ಒಮ್ಮೆಲೇ ಸುರಿದು ಕೊಚ್ಚೆಯಾಗುವುದು. ಪ್ರಾಣಿಯ ಕೂದಲು ತುದಿಗೆ ಹೋದಂತೆ ತಾನಾಗಿಯೇ ಸಪುರವಾಗುತ್ತದೆ. ಒಳ್ಳೆಯ ಕುಂಚಗಾರನು ಆ ಸಹಜವಾದ ತುದಿಯನ್ನು ಎಂದಿಗೂ ಕತ್ತರಿಸುವುದಿಲ್ಲ. ಕೂದಲಿನ ಬುಡಗಳನ್ನು ಸಮಮಾಡಿ ಕುಚ್ಚನ್ನು ರೂಪಿಸುವನು. ತುದಿಯನ್ನು ಕತ್ತರಿಸಿ ಚೂಪುಮಾಡಿದ ಕುಂಚವು ಅಂಗಡಿಯಲ್ಲಿ ಚೂಪಾಗಿ ಕಂಡರೂ ನೀರು ಮುಟ್ಟಿದೊಡನೆ ಕೆದರುವುದು.

ಇಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಸಣ್ಣ ಗೆರೆಗೆ ಸಣ್ಣ ಕುಂಚವೇ ಬೇಕೆಂದು ಭಾವಿಸಿ ಅನೇಕರು ಮೂರು ಸೊನ್ನೆಯ ಕುಂಚವನ್ನು ಕೇಳಿ ತರುತ್ತಾರೆ. ರಾಜಸ್ಥಾನದ ಕಿರುಚಿತ್ರಕಾರರು ಒಂದೇ ಕೂದಲಿನ ಕುಂಚದಿಂದ ಬರೆಯುವರೆಂಬ ಕಥೆಯೂ ಇದಕ್ಕೆ ಕಾರಣವಾಗಿರಬಹುದು. ಒಂದೇ ಕೂದಲು ಬಣ್ಣವನ್ನು ಹಿಡಿದಿಡಲಾರದು. ಆ ಕುಶಲಿಗಳ ಕುಂಚದಲ್ಲಿ ಹಲವು ಕೂದಲುಗಳಿದ್ದು, ಅವೆಲ್ಲವೂ ಹಕ್ಕಿಗರಿಯ ಟೊಳ್ಳು ದಂಟಿನಲ್ಲಿ ಸೇರಿ, ತುದಿಯಲ್ಲಿ ಮಾತ್ರ ಒಂದೇ ಕೂದಲಾಗಿ ಮುಗಿಯುತ್ತವೆ. ರಹಸ್ಯವಿರುವುದು ಅಲ್ಲಿ. ಒಳ್ಳೆಯ ಮೊನೆಯುಳ್ಳ ಎರಡನೆಯ ನಂಬರಿನ ಕುಂಚವು, ಮೊಂಡಾದ ಮೂರು ಸೊನ್ನೆಯ ಕುಂಚಕ್ಕಿಂತ ಸಣ್ಣ ಗೆರೆಯನ್ನೆಳೆಯುವುದಲ್ಲದೆ, ಮತ್ತೆ ಮತ್ತೆ ಬಣ್ಣದಲ್ಲಿ ಅದ್ದುವ ಕಾಟವನ್ನೂ ತಪ್ಪಿಸುವುದು. ಸರಸ್ವತಿಯ ವೀಣೆಯ ತಂತಿಯನ್ನು ಒಂದೇ ಉಸಿರಿನಲ್ಲಿ ಎಳೆಯಬೇಕಾದಾಗ ಇದರ ಬೆಲೆ ತಿಳಿಯುವುದು. ಮೂರು ಸೊನ್ನೆಯ ಕುಂಚವು ಕಣ್ಣಿನೊಳಗಣ ಬೆಳಕಿನ ಚುಕ್ಕೆ, ಮೂಗುಬೊಟ್ಟಿನ ಹೊಳಪು ಇಂಥವುಗಳಿಗೆ ಸಾಕು.

ನಂಬರುಗಳನ್ನೂ ಪೂರ್ಣವಾಗಿ ನಂಬತಕ್ಕದ್ದಲ್ಲ. ಸೊನ್ನೆಗಳು ಹೆಚ್ಚಿದಂತೆ ಕುಂಚ ಕಿರಿದಾಗುವುದೂ, ಅಂಕೆ ಹೆಚ್ಚಿದಂತೆ ಹಿರಿದಾಗುವುದೂ ಎಲ್ಲೆಡೆಯ ಪದ್ಧತಿಯೇ. ಆದರೆ ಒಬ್ಬ ತಯಾರಕರ ನಾಲ್ಕನೆಯ ನಂಬರು ಮತ್ತೊಬ್ಬರ ನಾಲ್ಕಕ್ಕೆ ಸಮನಾಗಿರಬೇಕೆಂಬ ನಿಯಮವೇನೂ ಇಲ್ಲ. ಆದುದರಿಂದ ಹಳೆಯ ಕುಂಚವನ್ನು ಜೊತೆಯಲ್ಲಿ ಒಯ್ದು, ಪಕ್ಕದಲ್ಲಿಟ್ಟು ನೋಡಿ ಕೊಳ್ಳುವುದು ಜಾಣತನ.

ಎರಡನೆಯ ಪ್ರಶ್ನೆ, ಕೂದಲು ಯಾವುದೆಂಬುದು. ನೀರುಬಣ್ಣಕ್ಕೆ ಲೋಕದಲ್ಲೆಲ್ಲ ಹೆಸರಾದುದು ಕೊಲಿನ್‌ಸ್ಕಿ ಸೇಬಲ್. ಸೈಬೀರಿಯದ ಚಳಿನಾಡಿನಲ್ಲಿರುವ, ಮುಂಗುಸಿಯಂತೆ ಉದ್ದಮೈಯುಳ್ಳ ಒಂದು ಸಣ್ಣ ಪ್ರಾಣಿಯ ಬಾಲದ ಕೂದಲು ಅದು. ವಿಕ್ಟೋರಿಯಾ ರಾಣಿಯು ತನಗಾಗಿ ಅತ್ಯುತ್ತಮವಾದ ಕುಂಚವನ್ನು ಮಾಡಿಕೊಡುವಂತೆ ಕೇಳಲು, ಇಂಗ್ಲೆಂಡಿನ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆಯು 1866ರಲ್ಲಿ ಈ ಕೂದಲಿನಿಂದಲೇ ಕುಂಚ ಮಾಡಿತು. ರಾಣಿಗೆ ಮೆಚ್ಚಾದ ಅಳತೆ ಏಳನೆಯದಾದುದರಿಂದ ಆ ಮಾಲೆಗೆ ‘ಸೀರೀಸ್ 7’ ಎಂದೇ ಹೆಸರಾಯಿತು. ನೀರನ್ನು ತುಂಬ ಹಿಡಿಯುವುದು, ಮೊನೆಗೂಡುವುದು, ಬಾಗಿದರೂ ಕೂಡಲೇ ನೆಟ್ಟಗಾಗುವುದು ಎಂಬ ಮೂರು ಗುಣಗಳೂ ಅದರಲ್ಲಿ ಒಟ್ಟುಗೂಡಿವೆ. ಬೆಲೆಯೂ ರಾಣಿಯರಿಗೇ ತಕ್ಕುದಾಗಿದೆ. ಕಲಿಯುವವರಿಗೆ ಅದು ಅವಶ್ಯವಲ್ಲ. ಅಳಿಲಿನ ಕೂದಲು ನೀರನ್ನು ಬಹಳ ಹಿಡಿಯುತ್ತದೆ, ಆದರೆ ಮೆತುವು. ಆಕಾಶ, ಕೆರೆ, ಮೋಡಗಳ ವಿಸ್ತಾರಕ್ಕೆ ಒಳ್ಳೆಯದು. ಆಡಿನ ಕೂದಲು ಇನ್ನೂ ಮೆತುವು. ಎತ್ತಿನ ಕಿವಿಯ ಕೂದಲು ಬಾಳಿಕೆಯುಳ್ಳದ್ದು, ಆದರೆ ಅದಕ್ಕೆ ಸೂಕ್ಷ್ಮವಾದ ಮೊನೆಯಿಲ್ಲ. ‘ಕ್ಯಾಮೆಲ್ ಹೇರ್’ ಎಂದು ಮಾರುವ ಕುಂಚದಲ್ಲಿ ಒಂಟೆಯ ಕೂದಲು ಇರುವುದಿಲ್ಲವೆಂಬುದನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಅಳಿಲು, ಆಡು, ಕುದುರೆ ಇವುಗಳ ಕೂದಲನ್ನು ಬೆರಸಿಯೋ ಬಿಡಿಯಾಗಿಯೋ ಕಟ್ಟಿದ ಕುಂಚಕ್ಕೆ ವ್ಯಾಪಾರದಲ್ಲಿ ಬಂದ ಹೆಸರು ಅದು.

ಈಗ ಹೇಳತಕ್ಕ ಮಾತನ್ನು ಗೃಹಸ್ಥರು ಮನಸ್ಸಿಟ್ಟು ಕೇಳಬೇಕು. ನಮ್ಮ ದೇಶದ ಪೇಟೆಗಳಲ್ಲಿ ಬಹುಕಾಲ ಮೆಚ್ಚುಗೆ ಪಡೆದಿದ್ದ ಇನ್ನೊಂದು ಕುಂಚವುಂಟು. ಅದು ಮುಂಗುಸಿಯ ಕೂದಲಿನದು. ಸೆಟೆದು ನಿಲ್ಲುವ ಗುಣದಿಂದಲೂ ಬಾಳಿಕೆಯಿಂದಲೂ ಚಿತ್ರಕಾರರು ಅದನ್ನು ಬಯಸುತ್ತಿದ್ದರು. ಆದರೆ ಆ ಕೂದಲಿಗಾಗಿ ಮುಂಗುಸಿಗಳನ್ನು ಬಲೆಹಾಕಿ ಕೊಲ್ಲುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮುಂಗುಸಿಯು ರಕ್ಷಿತ ಪ್ರಾಣಿ. ಅದನ್ನು ಕೊಲ್ಲುವುದೂ ಅದರ ಕೂದಲಿನ ವ್ಯಾಪಾರ ಮಾಡುವುದೂ ಅಪರಾಧ. ಹೀಗಿದ್ದರೂ ಕಳ್ಳತನದಿಂದ ಮಾಡಿದ ಕುಂಚಗಳು ಆಗಾಗ್ಗೆ ಸಿಕ್ಕಿಬೀಳುತ್ತಿರುವುದರಿಂದ ಕೊಳ್ಳುವವರು ಎಚ್ಚರವಾಗಿರಬೇಕು. ಗುರುತು ಹೇಗೆಂದರೆ, ಮುಂಗುಸಿಯ ಕೂದಲು ತುದಿಯಲ್ಲಿ ಕಡುಕಂದು, ನಡುವೆ ಕೆನೆಯ ಬಣ್ಣ, ಬುಡದಲ್ಲಿ ಮತ್ತೆ ಕಪ್ಪುಗಂದು ಹೀಗೆ ಪಟ್ಟೆಪಟ್ಟೆಯಾಗಿರುತ್ತದೆ. ನೈಲಾನಿಗೆ ಇದೇ ಬಣ್ಣ ಕೊಟ್ಟು ಮಾರುವುದೂ ಉಂಟು. ಸಂದೇಹವಾದರೆ ಕುಂಚದಿಂದ ಉದುರಿದ ಒಂದು ಎಳೆಯನ್ನು ದೀಪಕ್ಕೆ ಹಿಡಿದು ನೋಡಬಹುದು. ನೈಲಾನು ಕರಗಿ ಸಣ್ಣ ಗುಂಡಾಗುವುದು, ಪ್ರಾಣಿಯ ಕೂದಲು ಸುಟ್ಟ ಕೂದಲಿನ ನಾತ ಬೀರಿ ಬೂದಿಯಾಗುವುದು. ಆದರೆ ಕೊಂಡ ಮೇಲೆ ಸುಟ್ಟು ನೋಡುವುದಕ್ಕಿಂತ, ಅಂಗಡಿಯವರನ್ನು ಮೊದಲೇ ಕೇಳಿ, ಸ್ಪಷ್ಟವಾದ ಉತ್ತರ ಬಾರದಿದ್ದರೆ ಹಿಂದಿರುಗುವುದು ಲೇಸು.

ಪಂಚತಂತ್ರದ ಕಥೆಯೊಂದು ನಮ್ಮ ಮನೆಗಳಲ್ಲಿ ತಿಳಿಯದವರಿಲ್ಲ. ತೊಟ್ಟಿಲ ಕೂಸನ್ನು ಹಾವಿನಿಂದ ಕಾಪಾಡಿದ ಮುಂಗುಸಿಯನ್ನು, ಅದರ ಬಾಯಿಯ ರಕ್ತವನ್ನು ಕಂಡು ಅವಸರಪಟ್ಟ ತಾಯಿಯು ಕೊಂದು, ಬಳಿಕ ತೊಟ್ಟಿಲನ್ನು ನೋಡಿ ಎದೆ ಬಡಿದುಕೊಂಡಳು. ಆ ಕಥೆಯನ್ನು ರಾತ್ರಿ ಮಗುವಿಗೆ ಹೇಳಿ, ಬೆಳಗಾದ ಮೇಲೆ ಅದೇ ಮಗುವಿನ ಕೈಗೆ ಮುಂಗುಸಿಯ ಬಾಲದ ಕೂದಲನ್ನು ಕೊಡುವುದು ಎಷ್ಟು ವಿಪರೀತ! ತಿಳಿಯದೆ ಕೊಂಡವರನ್ನು ನಾವು ನಿಂದಿಸುವುದಿಲ್ಲ. ತಿಳಿದ ಮೇಲೆ ಕೊಳ್ಳಬಾರದೆಂದಷ್ಟೇ ಪ್ರಾರ್ಥಿಸುತ್ತೇವೆ. ಹಾಗೆಯೇ, ಹಳೆಯ ಗ್ರಂಥದಲ್ಲಿ ಹೇಳಿದೆಯೆಂದು ಹಿತ್ತಲಿನ ಅಳಿಲಿಗೆ ಬಲೆಯೊಡ್ಡುವುದೂ ಬೇಡ. ಸೇತುವೆಗೆ ಮರಳು ಹೊತ್ತು ರಾಮನ ಬೆರಳಿನ ಗುರುತನ್ನು ಬೆನ್ನಿನಲ್ಲಿ ಪಡೆದ ಪ್ರಾಣಿಯೆಂದು ನಾವೇ ಅಲ್ಲವೆ ಮಕ್ಕಳಿಗೆ ಹೇಳಿಕೊಟ್ಟಿರುವುದು?

ಹಾಗಾದರೆ ಏನನ್ನು ಕೊಳ್ಳಬೇಕು? ನೈಲಾನಿನ ಎಳೆಯು 1938ರಲ್ಲಿ ಅಮೆರಿಕದಲ್ಲಿ ಹಲ್ಲುಜ್ಜುವ ಬ್ರಷ್ಷಾಗಿ ಪೇಟೆಗೆ ಬಂದಿತು. ಅನಂತರ ಕ್ರಮಕ್ರಮವಾಗಿ ಚಿತ್ರದ ಕುಂಚಕ್ಕೂ ಬಂದಿತು. ಮೊದಮೊದಲು ಒರಟಾಗಿದ್ದುದು ನಿಜ. ಈಗ ತುದಿ ಸಪುರವಾಗುವಂತೆ ಮಾಡಿದ ಕೃತಕ ಎಳೆಯ ಕುಂಚಗಳು ಒಳ್ಳೆಯ ಮೊನೆಯನ್ನು ಕೊಡುತ್ತವೆ. ಅವು ನೀರನ್ನು ಸ್ವಲ್ಪ ಕಡಮೆ ಹಿಡಿಯುತ್ತವೆ. ಕಾಲಕ್ರಮದಲ್ಲಿ ತುದಿಯು ಕೊಕ್ಕೆಯಂತೆ ಬಾಗುವ ದೋಷವೂ ಉಂಟು. ಆದರೆ ಬೆಲೆ ಕಡಮೆ, ಹುಳು ತಿನ್ನುವುದಿಲ್ಲ, ಪ್ರಾಣಿಹಿಂಸೆಯಿಲ್ಲ. ಮೈಸೂರು ಸಂಪ್ರದಾಯದ ಚಿತ್ರದ ನಯಗೆಲಸಕ್ಕೆ ಅವುಗಳ ಸೆಟೆತನವು ಅನುಕೂಲವೇ ಆಗಿದೆ. ಮನೆಗೆ ಬಹಳ ಕುಂಚಗಳು ಬೇಕಾಗಿಲ್ಲ. ಬಯಲು ತುಂಬಲು ಎಂಟನೆಯ ನಂಬರಿನ ಗುಂಡು ಕುಂಚ ಒಂದು, ಸಾಮಾನ್ಯ ಕೆಲಸಕ್ಕೆ ನಾಲ್ಕನೆಯದು ಒಂದು, ಗೆರೆಗೆ ಒಳ್ಳೆಯ ಮೊನೆಯ ಒಂದನೆಯದೋ ಎರಡನೆಯದೋ ಒಂದು, ಕಾಗದವನ್ನು ಒದ್ದೆಮಾಡಲು ಅರ್ಧ ಅಂಗುಲದ ಚಪ್ಪಟೆ ಕುಂಚ ಒಂದು: ಈ ನಾಲ್ಕು ಸಾಕು. ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಅದರಲ್ಲಿ ಹೆಚ್ಚಿನ ಪಾಲನ್ನು ಗೆರೆಯ ಕುಂಚಕ್ಕೆ ಮೀಸಲಿಡಬೇಕು. ಹನ್ನೆರಡು ಕುಂಚಗಳ ಅಗ್ಗದ ಕಟ್ಟಿಗಿಂತ ಒಂದು ಒಳ್ಳೆಯ ಕುಂಚ ಮೇಲು.

ಅವೆನ್ಯೂ ರಸ್ತೆಯ ಲೇಖನಸಾಮಗ್ರಿಯ ಅಂಗಡಿಯಾಗಲಿ, ಸಂಪಿಗೆ ರಸ್ತೆಯದಾಗಲಿ, ಕೊಳ್ಳುವ ಮೊದಲು ಒಂದು ಲೋಟ ನೀರನ್ನು ಕೇಳಲು ಸಂಕೋಚಪಡತಕ್ಕದ್ದಲ್ಲ. ಹೊಸ ಕುಂಚಗಳ ತುದಿಗೆ ಗೋಂದು ಹಾಕಿ ಚೂಪುಮಾಡಿರುವರು. ಒಣಗಿದ ಕುಂಚವನ್ನು ನೋಡಿ ಕೊಳ್ಳುವುದು ಮದುವೆಯ ಅಲಂಕಾರವನ್ನು ನೋಡಿ ಹೆಣ್ಣು ಒಪ್ಪಿದಂತೆ. ಗೋಂದನ್ನು ನೀರಿನಲ್ಲಿ ಕರಗಿಸಿ, ಕುಂಚವನ್ನು ಒಮ್ಮೆ ಕೊಡವಬೇಕು. ಒಳ್ಳೆಯದಾದರೆ ಕೂದಲುಗಳೆಲ್ಲ ತಾವಾಗಿಯೇ ಕೂಡಿ ಒಂದೇ ಮೊನೆಯಾಗುವುವು. ಎರಡು ನಾಲಗೆಯಾಗಿ ಸೀಳಿದರೆ ಹಿಂದಕ್ಕೆ ಕೊಡಬೇಕು. ಬಳಿಕ ಒದ್ದೆಯಾದ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲನೆ ಬಾಗಿಸಿ ಬಿಡಬೇಕು. ನೆಟ್ಟಗಾದರೆ ಸರಿ, ಬಾಗಿದಂತೆಯೇ ನಿಂತರೆ ಗೆರೆಗೆಲಸಕ್ಕೆ ಬಾರದು. ಲೋಹದ ಕೊಳವೆಯನ್ನು ಹಿಡಿದು ಅಲ್ಲಾಡಿಸಿ ನೋಡಬೇಕು. ಅದು ಸಡಿಲವಾಗಿರಬಾರದು, ಬೆಸುಗೆಯ ಬಿರುಕಿರಬಾರದು. ಕುಚ್ಚನ್ನು ಬೆರಳಿನಿಂದ ಹಗುರವಾಗಿ ಜಗ್ಗಿದಾಗ ಒಂದೆರಡು ಕೂದಲು ಬಂದರೆ ಚಿಂತೆಯಿಲ್ಲ. ಬರುತ್ತಲೇ ಇದ್ದರೆ ಕಟ್ಟು ಸರಿಯಿಲ್ಲವೆಂದು ತಿಳಿಯಬೇಕು. ಕೊನೆಯದಾಗಿ, ನೀರಿನಿಂದಲೇ ಕಾಗದದ ಮೇಲೆ ಒಂದು ಗೆರೆಯನ್ನು ಸಣ್ಣದಾಗಿ ತೊಡಗಿ, ನಡುವೆ ದಪ್ಪಮಾಡಿ, ಮತ್ತೆ ಸಣ್ಣದಾಗಿ ಮುಗಿಸಬೇಕು. ಈ ಪರೀಕ್ಷೆಯಲ್ಲಿ ಗೆದ್ದ ಕುಂಚದ ಬೆಲೆಯನ್ನು ಆಮೇಲೆ ಕೇಳಬಹುದು.

ಒಂದು ಅಪಾಯವನ್ನು ಇಲ್ಲಿ ಹೇಳದೆ ಇರಲಾರೆವು. ಮೊನೆಯನ್ನು ಚೂಪುಮಾಡಲು ಕುಂಚವನ್ನು ತುಟಿಗಿಡುವ ಚಾಳಿಯು ಮಕ್ಕಳಲ್ಲಷ್ಟೇ ಅಲ್ಲ, ದೊಡ್ಡವರಲ್ಲಿಯೂ ಉಂಟು. ಅಮೆರಿಕದ ನ್ಯೂ ಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ 1917ರಿಂದೀಚೆಗೆ ಹದಿಹರೆಯದ ಹುಡುಗಿಯರು ಗಡಿಯಾರದ ಅಂಕಿಗಳಿಗೆ ಕತ್ತಲೆಯಲ್ಲಿ ಹೊಳೆಯುವ ರೇಡಿಯಂ ಬಣ್ಣವನ್ನು ಹಚ್ಚುತ್ತಿದ್ದರು. ಕುಂಚವನ್ನು ತುಟಿಯಲ್ಲಿ ಮೊನೆಮಾಡಬೇಕೆಂದು ಅವರಿಗೆ ಕಲಿಸಲಾಗಿತ್ತು. ದವಡೆಯ ಮೂಳೆ ಕೊಳೆತು ಹಲವರು ಸತ್ತರು. ಉಳಿದವರಲ್ಲಿ ಐವರು ಹೂಡಿದ ದಾವೆ 1928ರಲ್ಲಿ ರಾಜಿಯಾಯಿತು. ನಮ್ಮ ಮನೆಯಲ್ಲಿ ರೇಡಿಯಂ ಇಲ್ಲವೆಂದು ನಿಶ್ಚಿಂತರಾಗಬಾರದು. ಹಳೆಯ ಬಣ್ಣಗಳಲ್ಲಿ ಹರಿತಾಳವು ಪಾಷಾಣವುಳ್ಳದ್ದು, ಇಂಗಳೀಕವು ಪಾದರಸವುಳ್ಳದ್ದು, ಸಫೇದವು ಸೀಸದ್ದು. ಇಂದಿನ ಕೆಲವು ಬಣ್ಣಗಳಲ್ಲಿಯೂ ಕ್ಯಾಡ್ಮಿಯಂ ಮೊದಲಾದವು ಇರುತ್ತವೆ. ಒದ್ದೆ ಬಟ್ಟೆಯ ಮೇಲೆ ಕುಂಚವನ್ನು ಹೊರಳಿಸಿದರೆ ಮೊನೆ ತಾನಾಗಿಯೇ ಬರುವುದು. ಈ ಅಭ್ಯಾಸವನ್ನು ಮೊದಲ ದಿನವೇ ಮಾಡಿಸಬೇಕು.

ಕೊಂಡ ಕುಂಚವನ್ನು ಕಾಪಾಡುವುದು ಗೃಹಕೃತ್ಯವೇ ಸರಿ. ಕೆಲಸ ಮುಗಿದೊಡನೆ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಕೊಳವೆಯೊಳಗಣ ಅಂಟನ್ನು ಸಡಿಲಿಸುವುದು. ವಾರಕ್ಕೊಮ್ಮೆ ಅಂಗೈಯಲ್ಲಿ ಸಾಬೂನು ಹಚ್ಚಿ ಮೆಲ್ಲನೆ ಹೊರಳಿಸಿ, ಬುಡದಲ್ಲಿ ನಿಂತ ಬಣ್ಣವನ್ನು ಬಿಡಿಸಬೇಕು. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಊಟಕ್ಕೆ ಎದ್ದುಹೋದರೆ ಬರುವಷ್ಟರಲ್ಲಿ ಮೊನೆಯು ಬಾಗಿರುವುದು, ಹಿಡಿಯ ಬಣ್ಣ ಉಬ್ಬಿರುವುದು. ತೊಳೆದ ಮೇಲೆ ಬೆರಳಿನಿಂದ ಮೊನೆಗೂಡಿಸಿ ಅಡ್ಡಲಾಗಿ ಮಲಗಿಸಿ ಒಣಗಿಸಬೇಕು. ನಮ್ಮೂರ ಮಳೆಗಾಲದಲ್ಲಿ ಒದ್ದೆ ಕುಂಚವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುವುದು. ಒಣಗಿದ ಪ್ರಾಣಿಕೂದಲಿನ ಕುಂಚವನ್ನು ಬಹುದಿನ ತೆರೆದಿಟ್ಟರೆ, ಉಣ್ಣೆಯ ಶಾಲನ್ನು ತಿನ್ನುವ ನುಸಿಯೇ ಅದನ್ನೂ ತಿನ್ನುವುದು. ಹಳೆಯ ಪಂಚೆಯ ತುಂಡಿನಲ್ಲಿ ಸಂದುಸಂದಾಗಿ ಹೊಲಿದ ಚೀಲದಲ್ಲಿ, ಒಣಗಿದ ಬೇವಿನೆಲೆಯೊಡನೆ ಸುತ್ತಿಡುವುದು ಒಳ್ಳೆಯದು. ಚಿನ್ನದ ರೇಕು ಕೂರಿಸುವ ಮುನ್ನ ಹಚ್ಚುವ ಸುಣ್ಣದಂಥ ಲೇಪಕ್ಕೂ, ಒಣಗಿದ ಮೇಲೆ ಕರಗದ ಆಕ್ರಿಲಿಕ್ ಬಣ್ಣಕ್ಕೂ ನೀರುಬಣ್ಣದ ಕುಂಚವನ್ನು ಎಂದಿಗೂ ಬಳಸಬಾರದು. ಅದಕ್ಕೆ ಮುದಿಯಾದ ಕುಂಚವನ್ನು ಬೇರೆಯಾಗಿ ಇಟ್ಟಿರಬೇಕು. ಹಳತಾದ ಮಾತ್ರಕ್ಕೆ ಯಾವುದೂ ಮನೆಯಲ್ಲಿ ನಿರುಪಯೋಗಿಯಲ್ಲ.

ಮೊದಲು ಹೇಳಿದ ಮನೆಯಲ್ಲಿ ಆ ಪೊರಕೆಯಂತಹ ಕುಂಚವನ್ನೂ ಅಜ್ಜಿಯು ಎಸೆಯಲಿಲ್ಲ. ಈಗ ಅದು ಬೊಂಬೆಗಳ ಸೀರೆಯ ನೆರಿಗೆಯಲ್ಲಿ ಕೂತ ಧೂಳನ್ನು ತೆಗೆಯುತ್ತಿದೆ. ಹೊಸ ಕುಂಚವನ್ನು ಆ ಬಾಲಿಕೆಯು ಯಾರಿಗೂ ಮುಟ್ಟಗೊಡುವುದಿಲ್ಲವಂತೆ. ಮಕ್ಕಳ ಕೈ ಸೋತಾಗ ನಾವು ಹಿರಿಯರು ಕೈಯನ್ನು ದೂರುವ ಮೊದಲು, ಒಂದು ಸಲ ಕುಂಚವನ್ನು ಬೆಳಕಿಗೆ ಹಿಡಿದು ನೋಡೋಣ.